ಚಂದ್ರಿಯ ಬಾಯಿ

“ಅಪ್ಪಾಜಿನೂ ಬರ್ತಾರಂತೆ ರೀ” ಎಂದು ಕಮಲಾದೇವಿ ಅಡಿಗೆಮನೆಯಿಂದ ಕೂಗಿ ಹೇಳಿದಾಗ ಕೊಟ್ರಪ್ಪ ಜಗಲಿಯ ಮೇಲೆ ಕುಳಿತು ಸವಾರಿ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ. ಕೈ ಅಲ್ಲೇ ನಿಂತಿತು. “ಎಲ್ಲಿಗೆ?” ಎಂದ, ಗೊತ್ತಿದ್ದೂ. “ಎಲ್ಲಿಗೆ ಅಂದ್ರೆ? ನಿಮ್ಮ ಪಂದ್ಯಕ್ಕೆ. ನಾನೂ ಬರ್ತೀನಿ. ಒಗ್ಗರಣೆ ಹಾಕ್ಬಿಟ್ರೆ ಆಯ್ತು.” ಅವಳ ದನಿಯಲ್ಲಿ ಸಂಭ್ರಮವಿತ್ತು. ಮದುವೆಯಾದಂದಿನಿಂದ ಬೆಳಕು ಹರಿಯುವ ಮುಂಚೆ ಸೈಕಲ್ ಹತ್ತಿ, ಜಯನಗರದ ಹೊಸ ಬಡಾವಣೆಯ ಮಣ್ಣು ರಸ್ತೆಗಳನ್ನು ದಾಟಿ, ಬನಶಂಕರಿ ಗುಡಿಯ ಆಚೆ ಉತ್ತರಹಳ್ಳಿ ದಾರಿಯಲ್ಲಿರುವ ಸವಾರಿ ಕ್ಲಬ್ಬಿಗೆ ಅವನು ಹೋಗಿ ಬರುತ್ತಿದ್ದಾನೆ. ನೋಡಲು ಬರುತ್ತೇನೆ ಎಂದು ಒಬ್ಬರೂ ಒಂದು ದಿನ ಅಂದವರಲ್ಲ. ಬೆವತು ಮನೆಗೆ ಬಂದರೆ “ಮೊದಲು ಬಚ್ಚಲಿಗೆ ಹೋಗಿ, ಲದ್ದಿ ವಾಸನೆ” ಎನ್ನುತ್ತಿದ್ದಳು ಇದೇ ಕಮಲಾದೇವಿ. ಮಾವ ಗುರುಬಸಪ್ಪನವರು ಚಿಕ್ಕಪೇಟೆಯ ತಮ್ಮ ಬಟ್ಟೆ ಅಂಗಡಿಗೆ ಬಂದವರ ಮುಂದೆ “ನಮ್ಮ ಅಳಿಯಂದಿರಿಗೆ ಕುದುರೆ ಹುಚ್ಚು” ಎಂದು ನಗುತ್ತಿದ್ದರು. ಕೇಳಿದವರು ಅದನ್ನು ರೇಸಿನ ಜೂಜು ಎಂದೇ ತಿಳಿದು ಅಯ್ಯೋ ಪಾಪ ಎಂಬಂತೆ ನೋಡುತ್ತಿದ್ದರು. ಮಾವ ಅದನ್ನು ತಿದ್ದುತ್ತಿರಲಿಲ್ಲ. ಈಗ ಕಾರು ಮಾಡಿಕೊಂಡು ನೋಡಲು ಬರುತ್ತಾರೆ. ಯಾಕೆ ಬರುತ್ತಾರೆಂದು ಕೊಟ್ರಪ್ಪನಿಗೆ ಚೆನ್ನಾಗಿ ಗೊತ್ತು. ಹೋದ ವಾರ ಭಾವಮೈದನ ಮದುವೆಯಲ್ಲಿ ತಾನು ಮಾಡಿದ ಕೆಲಸಕ್ಕೆ ಬರುತ್ತಾರೆ. ಅಂಥದೇ ಇನ್ನೊಂದು ಸಲ ನೋಡಲು ಬರುತ್ತಾರೆ. ಅವನು ಬೂಟನ್ನು ಕೆಳಗಿಟ್ಟು ಡಬ್ಬಿಯ ಮುಚ್ಚಳ ಹುಡುಕತೊಡಗಿದ.

ಬರಬೇಡಿ ಅಂದುಬಿಡಬಹುದಿತ್ತು. ಏನೆಂದು ಹೇಳುವುದು? ಇವತ್ತು ನಾನು ಗೆಲ್ಲುವುದಿಲ್ಲ, ನನ್ನ ಕುದುರೆ ಚಂದ್ರಿ ಮಾತು ಕೇಳುವುದಿಲ್ಲ, ಆ ತಪ್ಪು ಅವಳದಲ್ಲ ಎಂದೇ? ದಸರೆಗೆ ಮೈಸೂರಿನಲ್ಲಿ ನಡೆಯುವ ಪಂದ್ಯಕ್ಕೆ ಇವತ್ತು ಕ್ಲಬ್ಬಿನಿಂದ ಎರಡು ಕುದುರೆಗಳನ್ನು ಆರಿಸುತ್ತಾರೆ. ಮರದ ಬೇಲಿಗಳನ್ನು ನಿಲ್ಲಿಸಿರುತ್ತಾರೆ, ಒಂದಾದ ಮೇಲೆ ಒಂದನ್ನು ಹಾರಿಸಿಕೊಂಡು ಬರಬೇಕು, ಬೇಲಿಯ ಮುಂದೆ ಕುದುರೆ ಮೂರನೆಯ ಸಲ ನಿಂತಿತೋ ಸೀದಾ ಹೊರಗೆ. ಆರಿಸದೆ ಹೋದರೆ ಬಿಡು ಎಂದು ಸುಮ್ಮನಿರುವ ಹಾಗೂ ಇರಲಿಲ್ಲ. ಕ್ಲಬ್ಬಿನ ಯಜಮಾನರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಹಾರದ ಕುದುರೆಗೆ ಹುರುಳಿ ಹಾಕಿ ಸಾಕಲು ಇದು ಧರ್ಮಛತ್ರವಲ್ಲ, ಚಂದ್ರಿ ಇವತ್ತು ಆರಿಸಿ ಬರದಿದ್ದರೆ ಜಟಕಾದವನಿಗೆ ಕೊಟ್ಟುಬಿಡುತ್ತೇನೆ. ಜಟಕಾದವನು ಬಂದು ಹಲ್ಲು ಹಿಡಿದು ನೋಡಿಕೊಂಡೂ ಹೋಗಿದ್ದ. ಚಂದ್ರಿ ಜಟಕಾಕ್ಕೆ ಬಾಳುವ ಕುದುರೆಯಲ್ಲ. ಬೆನ್ನ ಹಿಂದೆ ಚಕ್ರದ ಸದ್ದು ಕೇಳಿದರೆ ಹುಚ್ಚೆದ್ದು ಓಡುತ್ತಾಳೆ, ಓಡಿದರೆ ಏಟು ತಿನ್ನುತ್ತಾಳೆ, ಒಂದು ಮಳೆಗಾಲ ಕಳೆಯುವುದರೊಳಗೆ ಸಾಯುತ್ತಾಳೆ. ಇದು ಕೊಟ್ರಪ್ಪನಿಗೆ ಗೊತ್ತಿತ್ತು. ಅವನು ಮಂಡಕ್ಕಿ ಒಗ್ಗರಣೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಸೈಕಲ್ ತುಳಿಯುತ್ತಿರುವಾಗ ಆಫೀಸಿನ ಹೆಡ್ ಕ್ಲಾರ್ಕ್ ಗಂಗಾಧರಯ್ಯನವರ ಮುಖ ಕಣ್ಣ ಮುಂದೆ ಬಂತು. ಆಟಗಾರರಿಗೆ ಕೊಡುವ ವಿಶೇಷ ರಜೆಯನ್ನು ದಸರೆಗೆಂದು ಕೇಳಲು ಹೋಗಿದ್ದ. ವಾಲಿಬಾಲ್ ಆಡುವ ಟೈಪಿಸ್ಟ್‌ಗೆ ಕೊಟ್ಟಿದ್ದರು, ಕಬಡ್ಡಿಯವನಿಗೂ ಕೊಟ್ಟಿದ್ದರು. ಗಂಗಾಧರಯ್ಯನವರು ಮೂಗಿನ ತುದಿಗೆ ಕನ್ನಡಕ ಇಳಿಸಿ, “ಅಲ್ಲಯ್ಯಾ, ಓಡೋದು ಕುದುರೆ, ಹಾರೋದು ಕುದುರೆ. ನೀನು ಮೇಲೆ ಕೂತಿರ್ತೀಯ. ರಜ ಕೊಡೋದಾದ್ರೆ ಕುದುರೆಗೆ ಕೊಡಬೇಕು. ಅದು ನಮ್ಮ ನೌಕರ ಅಲ್ವಲ್ಲ” ಎಂದಿದ್ದರು. ಇಡೀ ಸೆಕ್ಷನ್ ನಕ್ಕಿತ್ತು. ಕೊಟ್ರಪ್ಪನೂ ನಕ್ಕಿದ್ದ, ಅದೇ ಅವನಿಗೆ ಈಗಲೂ ಮೈ ಉರಿಸುವ ಸಂಗತಿ. ಮೇಲೆ ಕೂತಿರುವುದಂತೆ! ಬಂದು ಕೂತು ನೋಡಲಿ ಇವರ ಅಪ್ಪ. ಮೊದಲ ವರ್ಷ ತೊಡೆಯ ಒಳಗಿನ ಚರ್ಮ ಎದ್ದು ಪಂಚೆಗೆ ಅಂಟಿಕೊಳ್ಳುತ್ತಿತ್ತು. ಒಂದು ಸಲ ಹೆಗಲ ಮೂಳೆ ಮುರಿದು, ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಆಫೀಸಿನಲ್ಲಿ ಸುಳ್ಳು ಹೇಳಿದ್ದ. ಅದಾದರೂ ಮೈಯ ಕಷ್ಟ, ಹೋಗಲಿ. ಇನ್ನೊಂದಿದೆ, ಅದನ್ನು ಯಾರಿಗೆ ಹೇಳುವುದು? ತನಗಿಂತ ಹತ್ತು ಪಾಲು ಬಲವಿರುವ ಪ್ರಾಣಿ ಯಾಕೆ ತನ್ನ ಮಾತು ಕೇಳಬೇಕು? ಅದರ ನಾಲಗೆಯ ಮೇಲೆ ಒಂದು ಕಬ್ಬಿಣದ ತುಂಡು, ಆ ಕಬ್ಬಿಣದಿಂದ ನಮ್ಮ ಬೆರಳಿಗೆ ಬರುವ ಒಂದು ಲಗಾಮು. ತುಂಬಿದ ಕಾಫಿ ಲೋಟ ಹಿಡಿದು ಹೊಸಲು ದಾಟುವಾಗ ಕೈ ಹೇಗಿರುತ್ತದೋ ಹಾಗಿರಬೇಕು ಬೆರಳು, ಕೆಳಗೆ ಮೈಯೆಲ್ಲ ಕುಲುಕಿ ಹೋಗುತ್ತಿದ್ದರೂ. ಆ ಹದ ಬಂದ ದಿನ ನೋಡುವವರ ಕಣ್ಣಿಗೆ ಸವಾರ ಏನೂ ಮಾಡದೆ ಸುಮ್ಮನೆ ಕೂತ ಹಾಗೆ ಕಾಣುತ್ತದೆ. ಇದೇ ಈ ಆಟದ ದರಿದ್ರ. ಚೆನ್ನಾಗಿ ಆಡಿದಷ್ಟೂ ಏನೂ ಆಡಲಿಲ್ಲ ಅನ್ನಿಸುತ್ತದೆ.

ಚಂದ್ರಿ ಸೈನ್ಯದವರು ಬೇಡವೆಂದು ಹೊರಗೆ ಹಾಕಿದ ಹೆಣ್ಣು ಕುದುರೆ. ಬಾಯಿ ಹತ್ತಿರ ಕೈ ತಂದರೆ ಕಚ್ಚುತ್ತಿದ್ದಳು. ಕ್ಲಬ್ಬಿನಲ್ಲಿ ಸವಾರಿ ಕಲಿಸುವ ರಾಮಯ್ಯನವರು, ಒಂದು ಕಾಲದಲ್ಲಿ ಕುದುರೆ ದಂಡಿನ ದಫೇದಾರರು, “ಇದು ನಿನ್ನ ಪಾಲಿಗೆ ಕೊಟ್ರಪ್ಪ. ಯಾರೋ ಪಾಪಿ ಎಳೆದೆಳೆದು ಬಾಯಿ ಕೆಡಿಸಿದಾನೆ. ನಿನ್ನ ಕೈ ಮೆತ್ತಗಿದೆ, ನೀನೇ ಸರಿಮಾಡು” ಎಂದು ಒಪ್ಪಿಸಿದ್ದರು. ನಿನ್ನ ಕೈ ಮೆತ್ತಗಿದೆ. ಬದುಕಿನಲ್ಲಿ ಅವನಿಗೆ ಸಿಕ್ಕ ಹೊಗಳಿಕೆ ಅದೊಂದೇ. ಎರಡು ವರ್ಷ ಹಿಡಿಯಿತು. ಒಂದು ಬೆಳಿಗ್ಗೆ, ಮಂಜು ಇನ್ನೂ ರಾಗಿ ಹೊಲದ ಮೇಲೆಯೇ ಇದ್ದಾಗ, ಚಂದ್ರಿ ತಾನಾಗಿಯೇ ತಲೆ ತಗ್ಗಿಸಿ ಬಾಯಿ ತೆರೆದು ಕಡಿವಾಣವನ್ನು ತೆಗೆದುಕೊಂಡಳು. ಕೊಟ್ರಪ್ಪ ಅತ್ತುಬಿಟ್ಟಿದ್ದ. ಮನೆಗೆ ಬಂದು ಹೇಳಬೇಕೆಂದು ಬಾಯಿ ತೆರೆದರೆ ಕಮಲಾದೇವಿ ಸೀಮೆಎಣ್ಣೆ ಮುಗಿದಿರುವ ಸುದ್ದಿ ಹೇಳಿದಳು. ಅವನು ಡಬ್ಬ ಹಿಡಿದು ಹೊರಟಿದ್ದ.

ಹೀಗಿರುವಾಗ ಮಾವ ತಾವಾಗಿ ಬಂದು, “ಅಳಿಯಂದಿರೇ, ಹುಡುಗನ ಮೆರವಣಿಗೆಗೆ ನಿಮ್ಮ ಕುದುರೆ ಸಿಗುತ್ತಾ? ಬಾಡಿಗೆ ಕುದುರೆ ಬಡಕಲು ಇರುತ್ತೆ. ನಿಮ್ಮದು ನೋಡೋಕೆ ಲಕ್ಷಣವಾಗಿದೆಯಂತಲ್ಲ” ಎಂದರೆ ಹೇಗೆ ಇಲ್ಲ ಎನ್ನುವುದು? ನಿಮ್ಮ ಕುದುರೆ ಎಂದಿದ್ದರು. ಕೊಟ್ರಪ್ಪ ಆ ಮಾತಿಗೆ ಹಿಗ್ಗಿಹೋದ. ನಾನೇ ಹಿಡಿದುಕೊಂಡಿರ್ತೀನಿ ಸಾರ್, ಮದುಮಗನ ಕೈಗೆ ಲಗಾಮು ಕೊಡೋದಿಲ್ಲ ಎಂದು ರಾಮಯ್ಯನವರನ್ನು ಒಪ್ಪಿಸಿದ. ಮೆರವಣಿಗೆ ಸಂಜೆ ಹೊರಟಿತು. ಓಲಗ, ಬ್ಯಾಂಡು, ಪಟಾಕಿ. ಚಂದ್ರಿ ಹೆದರಿ ನಡುಗುತ್ತಿದ್ದಳು, ಆದರೆ ಅವನ ಭುಜಕ್ಕೆ ಮೂತಿ ಒತ್ತಿಕೊಂಡು ಹೆಜ್ಜೆಗೆ ಹೆಜ್ಜೆ ನಡೆದಳು. ಪಟಾಕಿಯ ನಡುವೆ ಹಾಗೆ ನಡೆಸುವುದು ಎಂಥ ಕೆಲಸವೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಛತ್ರದ ಬಾಗಿಲಲ್ಲಿ ಹುಡುಗನನ್ನು ಇಳಿಸಿದ ಮೇಲೆ, ಹೆಣ್ಣಿನ ಕಡೆಯ ದೊಡ್ಡ ಮನುಷ್ಯರೊಬ್ಬರು ಇವನತ್ತ ಕೈ ಬೀಸಿ, “ಏಯ್ ಕುದುರೆಯವನೇ, ಆ ಕಡೆ ಹಿತ್ತಲಿಗೆ ಹೋಗಿ ಕಟ್ಟು. ವಾಲಗದೋರ ಪಂಕ್ತೀಲಿ ಊಟ ಮಾಡ್ಕೊಂಡು ಹೋಗು” ಎಂದರು. ಮಾವ ಪಕ್ಕದಲ್ಲೇ ನಿಂತಿದ್ದರು. ಆರತಿ ತಟ್ಟೆ ಹಿಡಿದಿದ್ದ ಕಮಲಾದೇವಿಯೂ ಕೇಳಿಸಿಕೊಂಡಳು. ಇವರು ನಮ್ಮ ಅಳಿಯ ಎಂದು ಮಾವ ಅನ್ನಲಿಲ್ಲ, ಇವರು ನನ್ನ ಯಜಮಾನರು ಎಂದು ಅವಳೂ ಅನ್ನಲಿಲ್ಲ. ಇಬ್ಬರೂ ಬೇರೆ ಕಡೆ ನೋಡಿದರು.

ಆಮೇಲಿನದನ್ನು ನೆನೆದಾಗಲೆಲ್ಲ ಅವನ ಮೈ ಬಿಸಿಯಾಗುತ್ತದೆ. ಒಂದೇ ನೆಗೆತಕ್ಕೆ ಚಂದ್ರಿಯನ್ನು ಹತ್ತಿದ. ಛತ್ರದ ಮುಂದಿನ ರಸ್ತೆಯಲ್ಲಿ ನೀರಿನ ಕೊಳವೆ ಹಾಕಲು ಉದ್ದಕ್ಕೆ ಗುಂಡಿ ತೋಡಿ ಮಣ್ಣು ಗುಡ್ಡೆ ಹಾಕಿದ್ದರು. ಅವನು ಲಗಾಮನ್ನು ಮುಷ್ಟಿಯಲ್ಲಿ ಸುತ್ತಿಕೊಂಡು ಎಳೆದ, ಬಾಳೆಗಿಡಕ್ಕೆ ಕಟ್ಟಿದ್ದ ಬಿದಿರಿನ ಸೀಳು ಕಿತ್ತು ಬಾರಿಸಿದ. ಅವಳು ಹಿಂಗಾಲ ಮೇಲೆ ಎದ್ದು ನಿಂತಳು, ಮತ್ತೆ ಬಾರಿಸಿದ, ಹಾರಿದಳು. ತಿರುಗಿಸಿ ಇನ್ನೊಂದು ಸಲ ಹಾರಿಸಿದ. ಅವನ ಜನ್ಮದಲ್ಲೇ ಅಷ್ಟು ಕೆಟ್ಟದಾಗಿ ಅವನು ಕುದುರೆ ಓಡಿಸಿರಲಿಲ್ಲ. ಛತ್ರದ ಜನವೆಲ್ಲ ಹೊರಗೆ ಬಂದು ಚಪ್ಪಾಳೆ ತಟ್ಟಿತು. “ಭಲೇ!” ಎಂದರು ಅದೇ ದೊಡ್ಡ ಮನುಷ್ಯರು. “ನಮ್ಮ ಅಳಿಯಂದಿರು!” ಎಂದರು ಮಾವ, ಎಲ್ಲರಿಗೂ ಕೇಳುವ ಹಾಗೆ. ಕಮಲಾದೇವಿಯ ಮುಖ ಅರಳಿತ್ತು. ಚಂದ್ರಿಯ ತುಟಿಯ ಅಂಚಿನಿಂದ ಕೆಂಪು ನೊರೆ ಇಳಿಯುತ್ತಿತ್ತು. ಅವನಿಗೆ ಆ ಗಳಿಗೆಯಲ್ಲಿ ಸುಖವೇ ಆಯಿತು, ಸುಳ್ಳೇಕೆ. ನೆಂಟರ ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡ.

ಮರುದಿನ ಕಡಿವಾಣ ಹಿಡಿದು ಹೋದರೆ ಚಂದ್ರಿ ಲಾಯದ ಮೂಲೆಗೆ ಸೇರಿ ಗೋಡೆಗೆ ಮುಖ ಮಾಡಿ ನಿಂತಳು. ಕಚ್ಚಲು ಬಂದಿದ್ದರೆ ಎಷ್ಟೋ ವಾಸಿ ಅನ್ನಿಸಿತು. “ಏನೋ ಇದು, ಬಾಯಿ ಹರಿದುಹೋಗಿದೆ?” ಎಂದು ರಾಮಯ್ಯನವರು ಕೇಳಿದಾಗ, “ಮದುಮಗ ಎಳೆದುಬಿಟ್ಟ ಸಾರ್, ನಾನು ಹಿಡಿದಿದ್ದೆ, ಆದ್ರೂ” ಎಂದಿದ್ದ. ಮಾತು ಯೋಚಿಸದೆಯೇ ಬಂತು. ರಾಮಯ್ಯನವರು ಮದುಮಗನ ವಂಶವನ್ನೆಲ್ಲ ಜಾಲಾಡಿ ಬೈದು, ಬೆಣ್ಣೆ ಹಚ್ಚಲು ಹೇಳಿ ಹೋದರು. ವಾರವೆಲ್ಲ ಬೆಣ್ಣೆ ಹಚ್ಚಿದ. ಗಾಯ ಆರಿತು.

ಕ್ಲಬ್ಬಿನ ಮೈದಾನಕ್ಕೆ ಸುಣ್ಣ ಬಳಿದ ಬೇಲಿಗಳು ಬಂದಿದ್ದವು. ಸೈನ್ಯದಿಂದ ತೀರ್ಪುಗಾರರಾಗಿ ಬಂದಿದ್ದ ಇಬ್ಬರು ಮೇಜಿನ ಹಿಂದೆ ಕುಳಿತು ಎಳನೀರು ಕುಡಿಯುತ್ತಿದ್ದರು. ಯಜಮಾನರ ಕಡೆಯ ಜನ, ಉತ್ತರಹಳ್ಳಿಯ ಕಡೆಯಿಂದ ಸುಮ್ಮನೆ ನೋಡಲು ಬಂದವರು, ಹಗ್ಗದ ಆಚೆ ನಿಂತಿದ್ದರು. ಮಾವನ ಕಾರು ಹೊಂಗೆ ಮರದಡಿ ನಿಂತಿತ್ತು, ಕಮಲಾದೇವಿ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಮೊದಲು ಹೋದವನು ಅನಂತಪದ್ಮನಾಭ, ಕಾಲೇಜು ಓದುವ ಸಣಕಲು ಹುಡುಗ. ಅವನ ಕುದುರೆ ನೀರಿನ ಹಾಗೆ ಎಲ್ಲ ಬೇಲಿಗಳ ಮೇಲೂ ಹರಿದುಹೋಯಿತು, ಅವನ ಕೈಗಳು ಅಲುಗಿದ್ದೇ ಕಾಣಲಿಲ್ಲ. ಹಗ್ಗದ ಆಚೆ ಯಾರೂ ಚಪ್ಪಾಳೆ ತಟ್ಟಲಿಲ್ಲ. “ಒಳ್ಳೇ ಪಳಗಿದ ಕುದುರೆ. ಹುಡುಗ ಸುಮ್ನೆ ಕೂತಿದ್ದ” ಎಂದರು ಮಾವ.

ಆಮೇಲೆ ಹೋದ ಕುದುರೆಗಳೆಲ್ಲ ಒಂದಲ್ಲ ಒಂದು ಕಂಬ ಬೀಳಿಸಿದವು, ಕೊನೆಗೆ ಚಂದ್ರಿಯ ಸರದಿ ಬಂತು. “ಮೊದಲನೇ ಬೇಲಿ ಹಾರಿದ್ರೆ ಮಿಕ್ಕಿದ್ದು ತಾನಾಗಿ ಬರುತ್ತೆ, ಬಾಯಿ ಮುಟ್ಟಬೇಡ” ಎಂದು ಹೇಳಿ ರಾಮಯ್ಯನವರು ಚಂದ್ರಿಯ ಕೊರಳು ತಟ್ಟಿ ಬಿಟ್ಟರು. ಕೈಗೊಂದು ಚಾಟಿ ಕೊಟ್ಟಿದ್ದರು, ಎಲ್ಲ ಸವಾರರಿಗೂ ಕೊಡುವ ಹಾಗೆ. ಕೊಟ್ರಪ್ಪ ಲಗಾಮು ಸಡಿಲ ಬಿಟ್ಟ, ಎಷ್ಟು ಸಡಿಲ ಎಂದರೆ ಅದು ಕೊರಳ ಮೇಲೆ ಜೋತುಬಿದ್ದಿತ್ತು. ನೋಡು, ಹಿಡಿಯುವುದಿಲ್ಲ, ಆಣೆಗೂ ಹಿಡಿಯುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡ. ಚಂದ್ರಿ ಬೇಲಿಯವರೆಗೆ ಓಡಿ ನಿಂತುಬಿಟ್ಟಳು. ಹಗ್ಗದ ಆಚೆ ನಗು. “ಕುದುರೆ ಕಂಡ್ರೆ ಕಾಲುನೋವು ಅಂತಾರೆ, ಇದಕ್ಕೆ ಬೇಲಿ ಕಂಡ್ರೆ ಕಾಲುನೋವು” ಎಂದ ಯಾರೋ. ತಿರುಗಿಸಿ ತಂದ. ಜೀನಿನ ಕೆಳಗೆ ಅವಳ ಮೈಯೆಲ್ಲ ಬಿಗಿದಿತ್ತು, ಕಿವಿಗಳು ಅವನ ಕಡೆಗೆ ತಿರುಗಿದ್ದವು, ಬೇಲಿಯ ಕಡೆಗಲ್ಲ. ಬೇಲಿಗೆ ಹೆದರುತ್ತಿಲ್ಲ ಅವಳು ಎಂದು ತಿಳಿದಾಗ ಅವನಿಗೆ ಅಲ್ಲೇ ಇಳಿದು ನಡೆದು ಹೋಗಿಬಿಡೋಣ ಅನ್ನಿಸಿತು. ಎರಡನೆಯ ಸಲವೂ ನಿಂತಳು. ಇನ್ನು ಒಂದೇ. ಜಟಕಾದವನು ಬೀಡಿ ಹಚ್ಚುತ್ತಾ ಹಗ್ಗದ ಹತ್ತಿರಕ್ಕೆ ಬಂದ.

“ಹೊಡೀರಿ ಅಳಿಯಂದಿರೇ!” ಎಂದು ಮಾವ ಕೂಗಿದರು. “ಅವತ್ತು ಹೊಡೆದ್ರಲ್ಲ ಹಂಗೆ! ಮೂಕ ಪ್ರಾಣಿ ಅಂತ ಮುದ್ದು ಮಾಡಿದ್ರೆ ತಲೆ ಮೇಲೆ ಕೂರುತ್ತೆ!” ಜನವೂ ದನಿಗೂಡಿಸಿತು. ಹೊಡೀರಿ, ಹೊಡೀರಿ. ಹೊಡೆಯಲಾರೆ. ಹೊಡೆಯದಿದ್ದರೆ ಇವತ್ತು ಸಂಜೆಯೇ ಇವಳನ್ನು ಗಾಡಿಗೆ ಹೂಡುತ್ತಾರೆ. ಅವನು ಮೂರನೆಯ ಸಲ ಬೇಲಿಯ ಕಡೆ ತಿರುಗಿಸಿದ. ಎಂಟು ಹತ್ತು ಹೆಜ್ಜೆಯಿದೆ ಎನ್ನುವಾಗ ಅವಳ ಓಟ ಕುಗ್ಗತೊಡಗಿತು, ಮತ್ತೆ ನಿಲ್ಲುತ್ತಾಳೆ ಎಂದು ತೊಡೆಗಳಿಗೆ ತಿಳಿಯಿತು, ಆಗ ಅವನ ಬಲಗೈ ಚಾಟಿಯ ಸಮೇತ ಮೇಲಕ್ಕೆ ಎದ್ದಿತು. ಹೊಡೆಯಲಿಲ್ಲ. ಕೈ ಮೇಲೆಯೇ ನಿಂತಿತು. ಅಷ್ಟರಲ್ಲಿ ಚಂದ್ರಿಯ ಕಣ್ಣಿಗೆ ಅದು ಬಿದ್ದು, ಅವಳು ಇಡೀ ಮೈಯನ್ನು ಒಂದು ಸಲ ಕುಗ್ಗಿಸಿ ಹಾರಿದಳು. ಬೇಲಿಗಿಂತ ಒಂದು ಮೊಳ ಎತ್ತರಕ್ಕೆ ಹಾರಿದಳು. ಆಮೇಲೆ ಅವನು ಏನೂ ಮಾಡಬೇಕಾಗಿ ಬರಲಿಲ್ಲ. ಕಿವಿಯನ್ನು ತಲೆಗೆ ಅಂಟಿಸಿಕೊಂಡು, ಹಿಂದಿನಿಂದ ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ, ಒಂದೊಂದೇ ಬೇಲಿಯನ್ನು ಹಾರುತ್ತಾ ಹೋದಳು. ಒಂದು ಕಂಬವೂ ಬೀಳಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. ತೀರ್ಪುಗಾರರಲ್ಲೊಬ್ಬರು ಎದ್ದು ನಿಂತು ತಲೆದೂಗಿದರು. ಅನಂತಪದ್ಮನಾಭನ ಕುದುರೆಯ ಜೊತೆ ಚಂದ್ರಿಯೂ ಆರಿಸಿ ಬಂದಳು, ಜಟಕಾದವನು ಬೀಡಿ ಎಸೆದು ಹೊರಟುಹೋದ. “ಉಳ್ಕೊಂಡ್ಳು ಕಣೋ!” ಎಂದು ರಾಮಯ್ಯನವರು ಬೆನ್ನಿಗೆ ಗುದ್ದಿದರು. ಕೊಟ್ರಪ್ಪ ಕೆಳಗಿಳಿದು ಜೀನು ಸಡಿಲಿಸಲು ಕೈ ಚಾಚಿದ. ಚಂದ್ರಿ ಮಿಸುಕದೆ ನಿಂತಿದ್ದಳು. ಅವನ ಕೈ ತಾಗುವ ಕಡೆಯಲ್ಲೆಲ್ಲ ಚರ್ಮ ಅದುರುತ್ತಿತ್ತು.

ಮಾವ ಖುಷಿಯಲ್ಲಿದ್ದರು. “ಗಂಡಸು ಅಂದ್ರೆ ಹಂಗಿರಬೇಕು. ದಸರೆಗೆ ನಾವೆಲ್ಲ ಮೈಸೂರಿಗೆ ಬರ್ತೀವಿ, ಬೀಗರನ್ನೂ ಕರ್ಕೊಂಡು ಬರ್ತೀನಿ. ನಡೀರಿ, ಕಾರಲ್ಲಿ ಕೂತ್ಕೊಳ್ಳಿ.” ಕಮಲಾದೇವಿ, “ನೀವು ಹೋಗಿ ಅಪ್ಪಾಜಿ. ನಾನು ಇವರ ಜೊತೆ ನಡ್ಕೊಂಡು ಬರ್ತೀನಿ” ಎಂದಳು. ಈ ಬಿಸಿಲಲ್ಲಾ ಎಂದು ಅವರು ಕೇಳಿದರೆ, ಹೂಂ ಎಂದಳು. ಕೊಟ್ರಪ್ಪ ಸೈಕಲ್ ತಳ್ಳಿಕೊಂಡು ನಡೆದ, ಅವಳು ಸೆರಗು ತಲೆಯ ಮೇಲೆಳೆದುಕೊಂಡು ಪಕ್ಕದಲ್ಲಿ ಬಂದಳು. ಹೊಗಳಿಬಿಡುತ್ತಾಳಲ್ಲ ಎಂದು ಅವನಿಗೆ ಭಯವಾಗಿತ್ತು. ಎಷ್ಟು ಚೆನ್ನಾಗಿ ಓಡಿಸಿದಿರಿ ಎಂದು ಅವಳ ಬಾಯಲ್ಲಿ ಕೇಳಬೇಕೆಂದು ಎಷ್ಟು ವರ್ಷ ಕಾದಿದ್ದನೋ, ಇವತ್ತು ಅದೊಂದನ್ನು ಅನ್ನದಿದ್ದರೆ ಸಾಕಾಗಿತ್ತು. ಬನಶಂಕರಿ ಗುಡಿಯ ಗೋಪುರ ಕಂಡಿತು.

“ನೀವು ಹೊಡೀಲಿಲ್ಲ ಅಲ್ವಾ?” ಎಂದಳು ಕಮಲಾದೇವಿ.

ಅವನು ಥಟ್ಟನೆ ಅವಳ ಕಡೆ ನೋಡಿದ. ಅಷ್ಟು ಜನರಲ್ಲಿ ಅದನ್ನು ಕಂಡವಳು ಇವಳೊಬ್ಬಳೇ? ಸವಾರನ ಕೈ ಏನು ಮಾಡಿತು, ಏನು ಮಾಡಲಿಲ್ಲ ಎಂದು ನೋಡುವ ಕಣ್ಣು ತನ್ನ ಮನೆಯಲ್ಲೇ ಇತ್ತೇ? ಎದೆ ಉಕ್ಕಿಬಂತು. “ಇಲ್ಲ ಕಮಲಾ. ಒಂದೇಟೂ ಹೊಡೀಲಿಲ್ಲ. ನೋಡಿದೆಯಾ ನೀನು?”

“ನೋಡ್ದೆ. ಕೈ ಎತ್ತಿದ್ರಿ, ಅಷ್ಟೇ. ಅಷ್ಟೇ ಸಾಕಾಯ್ತು ಅದಕ್ಕೆ.” ಸ್ವಲ್ಪ ದೂರ ನಡೆದು ಅವಳು ಹೇಳಿದಳು, “ನಮ್ಮಮ್ಮನೂ ಹಂಗೇ. ಅಪ್ಪಾಜಿ ಹೊಡೆದಿದ್ದು ಯಾವಾಗ್ಲೋ, ನಾನು ಚಿಕ್ಕೋಳಿದ್ದಾಗ. ಆಮೇಲೆ ಹೊಡೀಲೇ ಇಲ್ಲ. ಕೈ ಎತ್ತಿದ್ರೆ ಆಗೋದು, ಮನೆ ಕೆಲಸ ಎಲ್ಲ ಸರಸರ ನಡೆಯೋದು. ಬಂದೋರೆಲ್ಲ ಹೊಗಳೋರು, ಗುರುಬಸಪ್ಪನೋರ ಮನೆ ಎಷ್ಟು ಅಚ್ಚುಕಟ್ಟು ಅಂತ. ಇವತ್ತು ಆ ಕುದುರೆ ಮೈ ಹಿಡಿ ಮಾಡ್ಕೊಂಡಿತಲ್ಲ ರೀ, ನಂಗೆ ಅಲ್ಲಿ ನಿಂತಿರೋಕೆ ಆಗ್ಲಿಲ್ಲ.”

ಕೊಟ್ರಪ್ಪ ನಿಂತುಬಿಟ್ಟ. ಎದುರಿನಿಂದ ಹುಲ್ಲಿನ ಗಾಡಿಯೊಂದು ಬಂತು, ಅದಕ್ಕೆ ದಾರಿ ಬಿಡಲು ಇಬ್ಬರೂ ರಸ್ತೆಯ ಅಂಚಿಗೆ ಸರಿದರು. ಮೂಕ ಪ್ರಾಣಿಯನ್ನು ಮದುವೆ ಮನೆಯವರ ಮುಂದೆ ಹೊಡೆದವನು ತಾನು, ವಾರವಿಡೀ ಆ ತಪ್ಪನ್ನು ಮದುಮಗನ ತಲೆಗೆ ಕಟ್ಟಿದವನು ತಾನು. ಈಗ ಹೊಡೆಯಲಿಲ್ಲವೆಂದು ಹೆಂಡತಿಯ ಮುಂದೆ ಎದೆಯುಬ್ಬಿಸಿದವನೂ ತಾನೇ. ಥೂ ಎನಿಸಿತು.

“ಆ ಭಯ ಹೋಯ್ತಾ ಅತ್ತೇಗೆ? ಆಮೇಲಾದ್ರೂ?” ಎಂದು ಕೇಳಿದ. ಅವಳು ಹೂಂ ಎನ್ನಲಿ ಎಂದು ಬೇಡಿಕೊಳ್ಳುವಂತೆ ಕೇಳಿದ.

ಕಮಲಾದೇವಿ ಯೋಚಿಸಿದಳು. “ಅಪ್ಪಾಜಿ ಜವಳಿ ತರೋಕೆ ಅಂತ ಬೇರೆ ಊರಿಗೆ ಹೋಗ್ತಿದ್ರಲ್ಲ, ಆಗ ಅಮ್ಮ ಚೆನ್ನಾಗಿರೋರು” ಎಂದಳು. “ಹಾಡು ಹೇಳ್ಕೊಂಡು ರೊಟ್ಟಿ ತಟ್ಟೋರು.”

ಬಿಸಿಲು ನೆತ್ತಿಗೆ ಬಂದಿತ್ತು. ಕೊಟ್ರಪ್ಪ ಸೈಕಲ್ಲನ್ನು ಅವಳ ಕೈಗೆ ಕೊಟ್ಟ.

“ಎಲ್ಲಿಗೆ ರೀ?”

“ಕ್ಲಬ್ಬಿಗೆ. ರಾಮಯ್ಯನೋರಿಗೆ ಹೇಳಿ ಬರ್ತೀನಿ, ದಸರೆಗೆ ತನ್ನ ಕುದುರೆ ಜೊತೆ ಚಂದ್ರಿನೂ ಅನಂತಪದ್ಮನಾಭನೇ ಓಡಿಸಲಿ ಅಂತ. ಇನ್ಮೇಲೆ ಅವಳಿಗೆ ಕಡಿವಾಣ ಹಾಕೋದೂ ಅವನೇ. ನಾನು ಲಾಯದ ಕಡೆ ಹೋಗೋದಿಲ್ಲ.”

ಬೇಡ ಎನ್ನುತ್ತಾಳೆಂದು ಒಂದು ಕ್ಷಣ ಕಾದ. ಅವಳು ಅನ್ನಲಿಲ್ಲ. ಸೈಕಲ್ಲನ್ನು ನೆರಳಿಗೆ ತಳ್ಳಿಕೊಂಡು ಹೋಗಿ, “ಹೋಗಿ ಬನ್ನಿ, ಇಲ್ಲೇ ಇರ್ತೀನಿ” ಎಂದಳು. ಅವನು ಬಂದ ದಾರಿಯಲ್ಲೇ ತಿರುಗಿ ನಡೆದ.